ಯಂತ್ರ ತೂಗುವ ಪತ್ತು

ಗದಗದ ಬಳಿಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ ಆರಂಭವಾದ ಕೃಷಿ ಪತ್ತಿನ ಸಹಕಾರ ಸಂಘವು ದೇಶದಲ್ಲೇ ಮೊದಲನೆಯದೆಂದು ಹೆಸರಾಗಿದೆ. 1904ರ ಕಾಯ್ದೆಯಂತೆ ಇಂಥ ಗ್ರಾಮೀಣ ಸಂಘಗಳಲ್ಲಿ ಸದಸ್ಯರ ಹೊಣೆಗೆ ಸಾಮಾನ್ಯವಾಗಿ ಮಿತಿಯಿರಲಿಲ್ಲ. ಸಂಘ ಮುಳುಗಿದರೆ ಎಲ್ಲರೂ ಸ್ವಂತ ಆಸ್ತಿಯಿಂದ ತುಂಬಿಕೊಡಬೇಕಿತ್ತು. ಸಾಲ ಯಾರಿಗೆಂದು ತೀರ್ಮಾನಿಸುವವರೇ ತೀರ್ಮಾನ ತಪ್ಪಿದಾಗಿನ ನಷ್ಟವನ್ನೂ ಹೊರುತ್ತಿದ್ದರು. ಈಗ ಅದೇ ತೀರ್ಮಾನವನ್ನು ಹಳೆಯ ಸಾಲಗಳ ದತ್ತಾಂಶದಿಂದ ಕಲಿತ ತಂತ್ರಾಂಶಕ್ಕೆ ಒಪ್ಪಿಸುವ ಕಾಲ ಬಂದಿದೆ. ಯಂತ್ರಕ್ಕೆ ಪಕ್ಷಪಾತವಿಲ್ಲವೆಂಬ ನಂಬಿಕೆಯೂ ಅದರ ಬೆನ್ನಿಗೇ ಬಂದಿದೆ.

ಪಕ್ಷಪಾತವಿಲ್ಲ ಎಂದರೇನೆಂದು ಲೆಕ್ಕಕ್ಕೆ ಕುಳಿತಾಗ ತೊಡಕು ಕಾಣುತ್ತದೆ. ನರಗುಂದ ಕಡೆಯ ಕಾಲುವೆ ನೀರಿನ ನೂರು ರೈತರು, ಮಳೆಯನ್ನೇ ನಂಬಿದ ಎರೆಹೊಲದ ನೂರು ರೈತರು ಸಾಲ ಕೇಳಿದ್ದಾರೆಂದೂ, ಮೊದಲ ಗುಂಪಿನಲ್ಲಿ 80, ಎರಡನೆಯದರಲ್ಲಿ 50 ಮಂದಿ ತೀರಿಸಬಲ್ಲವರೆಂದೂ ಇಟ್ಟುಕೊಳ್ಳೋಣ. ಯಂತ್ರವು ನೀರಾವರಿಯ 80 ಮಂದಿಗೆ ಮಂಜೂರು ಮಾಡಿ 72 ಮಂದಿ ತೀರಿಸಿದರೆ, ಎರೆಹೊಲದ 40 ಮಂದಿಗೆ ಮಂಜೂರು ಮಾಡಿ 36 ಮಂದಿ ತೀರಿಸಿದರೆ, ಎರಡೂ ಕಡೆ ಮಂಜೂರಾತಿ ಶೇ. 90ರಷ್ಟು ಸರಿ. ಸಾಲ ಕೊಡುವವರ ಕಣ್ಣಿಗೆ ಇದೇ ನ್ಯಾಯ. ಆದರೆ ತೀರಿಸಬಲ್ಲವರಾಗಿದ್ದೂ ಬರಿಗೈಲಿ ಮರಳಿದವರು ನೀರಾವರಿಯಲ್ಲಿ 80ಕ್ಕೆ 8, ಅಂದರೆ ಶೇ. 10, ಎರೆಹೊಲದಲ್ಲಿ 50ಕ್ಕೆ 14, ಅಂದರೆ ಶೇ. 28. ಎರೆಹೊಲದ 50 ಮಂದಿಗೆ ಮಂಜೂರಾಗಿ 45 ಮಂದಿ ತೀರಿಸುವಂತೆ ಯಂತ್ರವನ್ನು ತಿದ್ದಿದರೆ ಈ ಎರಡೂ ಅಳತೆಗಳು ಸಮವಾಗುತ್ತವೆ. ಆಗ ತೀರಿಸಲಾರದಿದ್ದರೂ ಸಾಲ ಪಡೆದವರು ನೀರಾವರಿಯಲ್ಲಿ 20ಕ್ಕೆ 8, ಎರೆಹೊಲದಲ್ಲಿ 50ಕ್ಕೆ 5 ಆಗಿ ಮೂರನೆಯ ಅಳತೆ ಕೈತಪ್ಪುತ್ತದೆ.

ಆರೋಪಿಯೊಬ್ಬ ಮತ್ತೆ ಅಪರಾಧ ಮಾಡುವ ಸಂಭವವನ್ನು ಅಂದಾಜಿಸಲು ಅಮೆರಿಕದ ನ್ಯಾಯಾಲಯಗಳು ಬಳಸುವ ತಂತ್ರಾಂಶದ ಬಗ್ಗೆ ವಿವಾದವೆದ್ದಾಗ, ಸಂಶೋಧಕರಾದ ಜಾನ್ ಕ್ಲೈನ್‌ಬರ್ಗ್ ಮತ್ತು ಸಂಗಡಿಗರೂ ಅಲೆಕ್ಸಾಂಡ್ರಾ ಚುಲ್ಡೆಚೋವಾ ಅವರೂ 2016ರಲ್ಲಿ ಬೇರೆ ಬೇರೆಯಾಗಿ ತೋರಿಸಿಕೊಟ್ಟದ್ದು ಇಂಥದೇ ಗಣಿತವನ್ನು. ಗುಂಪುಗಳ ಮೂಲ ಪ್ರಮಾಣಗಳು (ನಮ್ಮ ಲೆಕ್ಕದಲ್ಲಿ ನೂರಕ್ಕೆ ತೀರಿಸಬಲ್ಲವರು ಎಷ್ಟೆಂಬುದು) ಬೇರೆಯಿದ್ದು, ಅಂದಾಜಿನಲ್ಲಿ ಒಂದಿಷ್ಟಾದರೂ ತಪ್ಪಿದ್ದರೆ, ನ್ಯಾಯದ ಈ ಅಳತೆಗಳೆಲ್ಲ ಒಟ್ಟಿಗೆ ಸಮವಾಗಲಾರವು. ಯಾವುದನ್ನು ಬಿಟ್ಟುಕೊಡಬೇಕೆಂಬುದನ್ನು ಗಣಿತ ಹೇಳುವುದಿಲ್ಲ. ಕೃತಕ ಬುದ್ಧಿಮತ್ತೆಯ ನೀತಿಶಾಸ್ತ್ರದ ಕೆಲಸ ಶುರುವಾಗುವುದೇ ಅಲ್ಲಿಂದ.

ಇನ್ನೊಂದು ಸಂಗತಿ ನನಗೆ ಇದಕ್ಕಿಂತ ಗಂಭೀರವೆನಿಸುತ್ತದೆ. ಮೇಲಿನ ಲೆಕ್ಕದಲ್ಲಿ ಯಾರು ತೀರಿಸಬಲ್ಲರೆಂಬುದು ನಮಗೆ ಮೊದಲೇ ಗೊತ್ತಿತ್ತು; ನಿಜದಲ್ಲಿ ಸಾಲ ಪಡೆದವನ ಬಾಕಿಯಷ್ಟೇ ಲೆಡ್ಜರಿಗೆ ಬರುತ್ತದೆ. ಕೊಟ್ಟಿದ್ದರೆ ತೀರಿಸುತ್ತಿದ್ದವನು, ಕೈಗಡ ತಂದು ಹಿಂಗಾರಿ ಕಡಲೆ ಬಿತ್ತಿದವನು, ಯಾವ ದತ್ತಾಂಶದಲ್ಲೂ ಇರುವುದಿಲ್ಲ. ಹೀಗಾಗಿ ಮರುವರ್ಷ ಅದೇ ದತ್ತಾಂಶದಿಂದ ಕಲಿಯುವ ಯಂತ್ರಕ್ಕೆ, ಆತನ ವಿಷಯದಲ್ಲಿ ತಾನು ತಪ್ಪಿದ್ದೆನೆಂದು ತಿಳಿಯುವ ದಾರಿಯೇ ಇರುವುದಿಲ್ಲ.