ಗಲ್ಲಾದ ಹಿಂದೆ ನಿಂತವರ ಕೈಯಲ್ಲಿ ಏನಿದೆ?

ಕಪಾಟಿನ ಚೀಟಿಯಲ್ಲಿ ಒಂದು ಬೆಲೆ, ಬಿಲ್ಲಿನಲ್ಲಿ ಇನ್ನೊಂದು. ವ್ಯತ್ಯಾಸ ತೀರಾ ಸಣ್ಣದು. ಆದರೂ ಗಿರಾಕಿಯ ದನಿ ಏರಿತು: “ಇದು ಮೋಸವಲ್ಲದೆ ಮತ್ತೇನು?” ಕೌಂಟರಿನಲ್ಲಿದ್ದ ಹುಡುಗಿ ಕೆಲಸಕ್ಕೆ ಸೇರಿ ಮೂರು ವಾರವಾಗಿತ್ತು. ಬಿಲ್ ಹಾಕುವುದು ಅವಳಿಗೆ ಗೊತ್ತು. ಹಾಕಿದ ಬಿಲ್ಲನ್ನು ತಿದ್ದುವ ಅಧಿಕಾರ ಅವಳ ಪಾಸ್‌ವರ್ಡ್‌ಗೆ ಇಲ್ಲ. ಅದು ಇರುವುದು ಮೇಲ್ವಿಚಾರಕರ ಬಳಿ, ಅವರಿರುವುದು ಗೋದಾಮಿನಲ್ಲಿ, ಆಗಷ್ಟೇ ಇಳಿದ ಮಾಲಿನ ಎಣಿಕೆಯಲ್ಲಿ. ಅವಳು ಗಂಟೆ ಒತ್ತಿದಳು. ಸಾಲಿನಲ್ಲಿ ಆರು ಜನ ಇದ್ದರು. ಒಬ್ಬರು ಗಡಿಯಾರ ನೋಡಿಕೊಂಡರು, ಇನ್ನೊಬ್ಬರು ಬುಟ್ಟಿಯನ್ನು ಸದ್ದಾಗುವಂತೆ ಕೆಳಗೆ ಇಟ್ಟರು. ಮೇಲ್ವಿಚಾರಕರು ಬರಲು ನಾಲ್ಕು ನಿಮಿಷ ಹಿಡಿಯಿತು. ಆ ನಾಲ್ಕು ನಿಮಿಷವೂ ಅವಳು “ಕ್ಷಮಿಸಿ ಸರ್” ಎನ್ನುವುದನ್ನು ಬಿಟ್ಟರೆ ಬೇರೇನೂ ಮಾಡುವಂತಿರಲಿಲ್ಲ. ಬಂದವರು ನಗುತ್ತಾ ಎರಡು ಗುಂಡಿ ಒತ್ತಿ ಬಿಲ್ ತಿದ್ದಿದರು. ಗಿರಾಕಿ ಅವರಿಗೆ ಧನ್ಯವಾದ ಹೇಳಿ, ಹುಡುಗಿಯ ಕಡೆ ಬೆರಳು ತೋರಿಸಿ, “ಇವರಿಗೆ ಸ್ವಲ್ಪ ಕೆಲಸ ಕಲಿಸಿ” ಎಂದು ಹೊರಟರು.

ಚೀಟಿ ಬದಲಿಸದೆ ಬಿಟ್ಟವಳು ಅವಳಲ್ಲ. ಯಾರು ಎಂಬುದನ್ನು ಆಮೇಲೆ ಹೇಳುತ್ತೇನೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದು ಅಂಗಡಿಗಳಲ್ಲಿ ದಿನನಿತ್ಯದ ಚಿಕಿತ್ಸೆ.

ಇಪ್ಪತ್ತೆರಡು ವರ್ಷಗಳಿಂದ ನಾನು ಈ ಕಸುಬಿನಲ್ಲಿದ್ದೇನೆ. ಮೊದಲ ಎಂಟು ವರ್ಷ ಕೌಂಟರಿನ ಹಿಂದೆ ನಿಂತೆ, ಆಮೇಲೆ ಅಂಗಡಿ ನಡೆಸಿದೆ, ಈಗ ಹೊಸಬರಿಗೆ ತರಬೇತಿ ಕೊಡುತ್ತೇನೆ. ಮೊದಲ ದಿನ ಅವರೆಲ್ಲ ಕೇಳುವುದು ಒಂದೇ: “ಒರಟು ಗಿರಾಕಿಗಳನ್ನು ನಿಭಾಯಿಸುವುದು ಹೇಗೆ?” ಒರಟರು ಇದ್ದಾರೆ, ನಿಜ. ಆದರೆ ಇಡೀ ದಿನದಲ್ಲಿ ಅವರು ಬೆರಳೆಣಿಕೆಯಷ್ಟು. ಕೆಲಸ ಬಿಟ್ಟು ಹೊರಟವರನ್ನು ಕೂರಿಸಿಕೊಂಡು ಕೇಳಿದಾಗ ಬರುವ ಮಾತು ಬೇರೆ: “ಎಲ್ಲದಕ್ಕೂ ನಾನು ಉತ್ತರ ಹೇಳಬೇಕು, ಯಾವುದನ್ನೂ ನಾನು ತೀರ್ಮಾನಿಸುವಂತಿಲ್ಲ.” ಬೆಲೆ ಗೊತ್ತುಮಾಡುವವರು ಒಬ್ಬರು, ವಾಪಸಿನ ನಿಯಮ ಬರೆಯುವವರು ಇನ್ನೊಬ್ಬರು, ಮಾಲು ತರಿಸುವವರು ಮತ್ತೊಬ್ಬರು. ಮೂವರ ಪರವಾಗಿಯೂ ಬೈಸಿಕೊಳ್ಳುವವರು ಮಾತ್ರ ಗಲ್ಲಾದ ಹಿಂದಿನವರು.

ಈ ಸ್ಥಿತಿ ಒಂದೇ ದಿನದಲ್ಲಿ ಬಂದದ್ದಲ್ಲ. 1879ರಲ್ಲಿ ಅಮೆರಿಕದ ಓಹಾಯೊ ರಾಜ್ಯದ ಡೇಟನ್‌ನಲ್ಲಿ ಮದ್ಯದಂಗಡಿ ಇಟ್ಟುಕೊಂಡಿದ್ದ ಜೇಮ್ಸ್ ರಿಟ್ಟಿ ತನ್ನ ಸೋದರನ ಜೊತೆ ಸೇರಿ ಗಲ್ಲಾ ಯಂತ್ರಕ್ಕೆ ಪೇಟೆಂಟ್ ಪಡೆದ. ಗಿರಾಕಿಗೆ ಸರಿಯಾದ ಲೆಕ್ಕ ಕೊಡಬೇಕೆಂಬುದು ಅವನ ಚಿಂತೆಯಾಗಿರಲಿಲ್ಲ. ನೌಕರರು ದುಡ್ಡನ್ನು ಜೇಬಿಗೆ ಇಳಿಸಬಾರದು ಎಂಬುದಷ್ಟೇ ಆಗಿತ್ತು. ಮುಂದಿನ ಯಂತ್ರಗಳಲ್ಲಿ ಪೆಟ್ಟಿಗೆ ತೆರೆದಾಗ ಬಾರಿಸುತ್ತಿದ್ದ ಗಂಟೆಯೂ ಮಾಲೀಕನ ಕಿವಿಗೆಂದೇ ಇಟ್ಟದ್ದು. 1916ರಲ್ಲಿ ಮೆಂಫಿಸ್ ನಗರದಲ್ಲಿ ಕ್ಲಾರೆನ್ಸ್ ಸಾಂಡರ್ಸ್ ಎಂಬಾತ ‘ಪಿಗ್ಲಿ ವಿಗ್ಲಿ’ ಎಂಬ ಅಂಗಡಿ ತೆರೆದು, ಗಿರಾಕಿಗಳೇ ಕಪಾಟಿನಿಂದ ಆರಿಸಿಕೊಂಡು ಬರಲಿ ಎಂದ. ಅದಕ್ಕೆ ಮುಂಚೆ ಬೇಕಾದುದನ್ನು ಹೇಳಿದರೆ ನೌಕರ ತೆಗೆದು, ಅಳೆದು, ಕಟ್ಟಿಕೊಡುತ್ತಿದ್ದ. 1974ರ ಜೂನ್ 26ರಂದು ಓಹಾಯೊದ ಟ್ರಾಯ್ ಪಟ್ಟಣದ ಸೂಪರ್‌ಮಾರ್ಕೆಟ್ ಒಂದರಲ್ಲಿ ಚ್ಯೂಯಿಂಗ್ ಗಮ್ ಪೊಟ್ಟಣದ ಮೇಲಿದ್ದ ಬಾರ್‌ಕೋಡನ್ನು ಯಂತ್ರ ಓದಿ ಬೆಲೆ ಹೇಳಿತು. ಮೊದಲು ದುಡ್ಡು, ಆಮೇಲೆ ಮಾಲು, ಕೊನೆಗೆ ಬೆಲೆ. ಒಂದೊಂದಾಗಿ ನೌಕರನ ಕೈಯಿಂದ ಜಾರಿದವು. ಉತ್ತರ ಹೇಳುವ ಬಾಯಿ ಮಾತ್ರ ಅವನ ಪಾಲಿಗೆ ಉಳಿಯಿತು.

ಹಾಗೆಂದು ನನಗೆ ಬಾರ್‌ಕೋಡ್ ಮೇಲೆ ಮುನಿಸಿಲ್ಲ. ನೂರಾರು ಬೆಲೆಗಳನ್ನು ಬಾಯಿಪಾಠ ಮಾಡುವ ಕಷ್ಟವನ್ನು ಅದು ತಪ್ಪಿಸಿತು. ಬಾರ್‌ಕೋಡಿನ ಗೆರೆಗಳು ಮಾಸಿದ್ದರೆ ಅವುಗಳ ಕೆಳಗಿನ 13 ಅಂಕಿಗಳನ್ನು ಕೈಯಲ್ಲಿ ಹೊಡೆಯಬೇಕು. ಒಂದು ಅಂಕಿ ತಪ್ಪಿದರೂ ಯಂತ್ರ ಒಪ್ಪುವುದಿಲ್ಲ, ಏಕೆಂದರೆ ಕೊನೆಯ ಅಂಕಿ ಉಳಿದ ಹನ್ನೆರಡರ ಲೆಕ್ಕದಿಂದ ಹುಟ್ಟಿದ್ದು. ಆದರೆ 2 ಮತ್ತು 7ರಂತೆ ಐದರ ಅಂತರವಿರುವ ಅಕ್ಕಪಕ್ಕದ ಅಂಕಿಗಳು ಅದಲುಬದಲಾದರೆ ಅದೂ ಮೋಸಹೋಗುತ್ತದೆ. ತರಗತಿಯಲ್ಲಿ ಇದನ್ನು ಹೇಳಿದಾಗ ಹೊಸಬರ ಮುಖದಲ್ಲೊಂದು ಸಮಾಧಾನ ಕಾಣುತ್ತದೆ: ಯಂತ್ರಕ್ಕೂ ತಪ್ಪು ಆಗುತ್ತದಲ್ಲ!

ಇನ್ನು ನಗದು. ಹೊಸಬರಿಗೆ ನಾನು ಮೊದಲು ಕಲಿಸುವುದು ನಗುವುದನ್ನಲ್ಲ, ನೋಟನ್ನು ಎಲ್ಲಿ ಇಡಬೇಕು ಎಂಬುದನ್ನು. ಗಿರಾಕಿ ಕೊಟ್ಟ ನೋಟು ತಕ್ಷಣ ಗಲ್ಲಾದ ಖಾನೆಗೆ ಹೋಗಬಾರದು. ಖಾನೆಗಳ ಮೇಲೆ ಅಡ್ಡಲಾಗಿ, ಇಬ್ಬರಿಗೂ ಕಾಣುವಂತೆ ಇರಬೇಕು. ಕೊಟ್ಟದ್ದು ಎಷ್ಟು ಎಂದು ಬಾಯಿಬಿಟ್ಟು ಹೇಳಬೇಕು. ಚಿಲ್ಲರೆಯನ್ನು ಬಿಲ್ಲಿನ ಮೊತ್ತದಿಂದ ಶುರುಮಾಡಿ, ಮೇಲಕ್ಕೆ ಎಣಿಸುತ್ತಾ ಗಿರಾಕಿಯ ಕೈಗೆ ಹಾಕಬೇಕು. ಅವರು ಅದನ್ನು ಮಡಚಿ ಒಳಗಿಟ್ಟ ಮೇಲೆಯೇ ಆ ನೋಟು ಖಾನೆಗೆ. “ನಾನು ಕೊಟ್ಟದ್ದು ದೊಡ್ಡ ನೋಟು” ಎಂಬ ತಕರಾರಿಗೆ ಇದರಷ್ಟು ಒಳ್ಳೆಯ ಉತ್ತರ ಬೇರೆ ಇಲ್ಲ. ನೋಟೇ ಸಾಕ್ಷಿಯಾಗಿ ಎದುರಿಗೆ ಮಲಗಿರುತ್ತದೆ. ಚಿಲ್ಲರೆ ಎಣಿಸುತ್ತಿರುವಾಗ ನಡುವೆ ಬಾಯಿ ಹಾಕಿ, “ಇರಿ, ಈ ನೋಟು ವಾಪಸ್ ಕೊಡಿ, ಅದನ್ನು ತೆಗೆದುಕೊಳ್ಳಿ, ಇದಕ್ಕೆ ಚಿಲ್ಲರೆ ಕೊಡಿ” ಎಂದು ಎರಡು ವ್ಯವಹಾರಗಳನ್ನು ಕಲಸುವವರೂ ಬರುತ್ತಾರೆ. ಅವರ ಮುಂದೆ ಒಂದೇ ದಾರಿ: ಗಲ್ಲಾ ಮುಚ್ಚಿ, ಮೊದಲನೆಯದನ್ನು ಮುಗಿಸಿ, ಆಮೇಲೆ ಎರಡನೆಯದು. ಅವಸರ ಅವರದು, ಲೆಕ್ಕ ನಮ್ಮದು.

ಪಾಳಿ ಮುಗಿದಾಗ ಲೆಕ್ಕ ತಾಳೆ ನೋಡುತ್ತಾರೆ. ಕಡಿಮೆ ಬಿದ್ದರೆ ಎಲ್ಲರ ಮುಖ ಗಂಟಾಗುತ್ತದೆ, ಹೆಚ್ಚು ಬಂದರೆ ಯಾರೂ ತಲೆಕೆಡಿಸಿಕೊಳ್ಳುವುದಿಲ್ಲ. ನನ್ನ ಮಟ್ಟಿಗೆ ಎರಡೂ ಒಂದೇ ಕಾಯಿಲೆ. ಹೆಚ್ಚು ಬಂದಿದೆ ಎಂದರೆ ಯಾವನೋ ಗಿರಾಕಿಗೆ ಕಡಿಮೆ ಚಿಲ್ಲರೆ ಹೋಗಿರಬಹುದು, ಅಥವಾ ಯಾವುದೋ ಮಾಲು ಬಿಲ್ಲಿಲ್ಲದೆ ಹೊರಟಿರಬಹುದು. ಕೊರತೆಯನ್ನು ಸಂಬಳದಲ್ಲಿ ಹಿಡಿಯುವ ಅಂಗಡಿಗಳಲ್ಲಿ ಒಂದು ಚಮತ್ಕಾರ ನಡೆಯುತ್ತದೆ: ಲೆಕ್ಕ ಪ್ರತಿದಿನವೂ ಸರಿಯಾಗಿ ತಾಳೆಯಾಗುತ್ತದೆ. ನಾನು ಕೆಲಸ ಕಲಿತ ಕಡೆ ಹಾಗಿತ್ತು. ಕೌಂಟರಿನ ಕೆಳಗೆ, ಕಾಗದದ ಸುರುಳಿಗಳ ಹಿಂದೆ, ಒಂದು ತಗಡಿನ ಡಬ್ಬಿ. ಹೆಚ್ಚು ಬಂದ ದಿನ ಅದು ತುಂಬುತ್ತಿತ್ತು, ಕಡಿಮೆ ಬಿದ್ದ ದಿನ ಬರಿದಾಗುತ್ತಿತ್ತು. ಮಾಲೀಕರಿಗೆ ಅಚ್ಚುಕಟ್ಟಾದ ಪುಸ್ತಕ ಸಿಗುತ್ತಿತ್ತು, ಸತ್ಯ ಡಬ್ಬಿಯಲ್ಲಿರುತ್ತಿತ್ತು. ಆದ್ದರಿಂದ, ಒಂದು ಪೈಸೆಯೂ ಆಚೀಚೆ ಆಗುವುದಿಲ್ಲ ಎಂದು ಯಾರಾದರೂ ಹೆಮ್ಮೆಪಟ್ಟರೆ ನನ್ನ ಕಣ್ಣು ಮೊದಲು ಕೌಂಟರಿನ ಕೆಳಗೆ ಹೋಗುತ್ತದೆ.

ಕಾಲುಗಳ ವಿಷಯವನ್ನೂ ಹೇಳಬೇಕು. ನಡೆಯುವುದು ಬೇರೆ, ನಿಲ್ಲುವುದು ಬೇರೆ. ನಡೆಯುವಾಗ ಮೀನಖಂಡದ ಸ್ನಾಯು ಹಿಂಡಿ ಹಿಂಡಿ ರಕ್ತವನ್ನು ಮೇಲಕ್ಕೆ ತಳ್ಳುತ್ತದೆ. ಒಂದೇ ಜಾಗದಲ್ಲಿ ನಿಂತರೆ ಆ ಪಂಪು ಕೆಲಸ ಮಾಡುವುದಿಲ್ಲ, ರಕ್ತ ಕಾಲಿನಲ್ಲೇ ತಂಗುತ್ತದೆ. ಬೆಳಿಗ್ಗೆ ಸಡಿಲವಾಗಿದ್ದ ಚಪ್ಪಲಿ ಸಂಜೆ ಬಿಗಿಯಾಗುವುದು, ವರ್ಷಗಳ ನಂತರ ರಕ್ತನಾಳಗಳು ಗಂಟುಗಂಟಾಗಿ ಉಬ್ಬುವುದು ಹೀಗೆ. ಇದು ಹೊಸ ಜ್ಞಾನವೇನಲ್ಲ. ಅಂಗಡಿಗಳ ಮಹಿಳಾ ನೌಕರರಿಗೆ ಆಸನ ಕೊಡಬೇಕೆಂದು ಬ್ರಿಟನ್ 1899ರಲ್ಲೇ ಕಾಯಿದೆ ಮಾಡಿತು. ಆಸನ ಇಟ್ಟರಷ್ಟೇ ಸಾಲದು, ಅದರಲ್ಲಿ ಕೂರಲು ಅವಕಾಶವೂ ಇರಬೇಕು ಎಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1964ರ ಒಡಂಬಡಿಕೆ ಹೇಳುತ್ತದೆ. ಬಟ್ಟೆ ಅಂಗಡಿಗಳ ಮಹಿಳಾ ನೌಕರರ ಹೋರಾಟದ ಬಳಿಕ ಕೇರಳ 2018ರಲ್ಲಿ ಕೂರುವ ಹಕ್ಕನ್ನು ಕಾನೂನಿಗೆ ಸೇರಿಸಿತು, ತಮಿಳುನಾಡು 2021ರಲ್ಲಿ. ಮೊದಲ ಕಾಯಿದೆಗೂ ಈ ತಿದ್ದುಪಡಿಗಳಿಗೂ ನಡುವೆ ಶತಮಾನಕ್ಕಿಂತ ಹೆಚ್ಚು ಕಾಲ ಹೋಯಿತು, ವಿಷಯ ಮಾತ್ರ ಅದೇ ಸ್ಟೂಲು. ಕುಳಿತರೆ ಸೋಮಾರಿಗಳಂತೆ ಕಾಣುತ್ತಾರೆ ಎಂಬ ಒಂದೇ ಒಂದು ವಾದದ ಬಲದಿಂದ ಅಷ್ಟು ಕಾಲ ದೂಡಲಾಗಿದೆ. ಕುಳಿತು ಬಿಲ್ ಹಾಕಿದವರಿಂದ ಮಾಲು ಕೊಳ್ಳದೆ ಹಿಂದಿರುಗಿದ ಗಿರಾಕಿಯನ್ನು ನಾನಂತೂ ನೋಡಿಲ್ಲ.

ಹಾಗಾದರೆ ಸಿಟ್ಟಿನ ಗಿರಾಕಿ? ಅವರ ಸಿಟ್ಟು ಸಾಮಾನ್ಯವಾಗಿ ಬಾಗಿಲು ದಾಟುವ ಮೊದಲೇ ಹುಟ್ಟಿರುತ್ತದೆ. ಒಬ್ಬರು ಇಸ್ತ್ರಿಪೆಟ್ಟಿಗೆ ಹಿಡಿದು ಬಂದರು. ಕೊಂಡು ಹತ್ತು ದಿನವಾಗಿದೆ, ಬಿಸಿಯಾಗುತ್ತಿಲ್ಲ, ಬಿಲ್ ಕಳೆದುಹೋಗಿದೆ. ಪೆಟ್ಟಿಗೆಯನ್ನು ಎತ್ತಿ ಆಡಿಸುತ್ತಲೇ ಮಾತನಾಡುತ್ತಿದ್ದರು. ಇಂಥಲ್ಲಿ ನಾನು ಹೇಳಿಕೊಡುವ ಉಪಾಯ ಮಾತಿನದ್ದಲ್ಲ: ಮೊದಲು ವಸ್ತುವನ್ನು ಕೈಗೆ ತೆಗೆದುಕೊಳ್ಳಿ. ಅದು ಅವರ ಕೈಯಲ್ಲಿರುವಷ್ಟು ಹೊತ್ತು ಆಯುಧ. ಕೌಂಟರಿನ ಮೇಲೆ ಇಟ್ಟು, ವೈರ್ ಬಿಡಿಸಿ, ತಿರುಗಿಸಿ ನೋಡತೊಡಗಿದರೆ ಇಬ್ಬರೂ ಒಬ್ಬರನ್ನೊಬ್ಬರು ದಿಟ್ಟಿಸುವುದನ್ನು ಬಿಟ್ಟು ಅದನ್ನು ನೋಡುತ್ತೀರಿ. ಆಗ ನಿಜವಾದ ದೂರು ಹೊರಗೆ ಬರುತ್ತದೆ. ಅಂದು ಬಂದದ್ದು ಇದು: ಅವರು ಹಿಂದಿನ ದಿನವೂ ಬಂದಿದ್ದರು, “ನಾಳೆ ಬನ್ನಿ” ಎಂದು ಯಾರೋ ಕಳಿಸಿದ್ದರು, ನಾಳೆ ಬಂದರೆ ಏನಾಗುತ್ತದೆ ಎಂದು ಮಾತ್ರ ಯಾರೂ ಹೇಳಿರಲಿಲ್ಲ.

“ಆಗುವುದಿಲ್ಲ” ಎಂಬುದು ಬಾಗಿಲು ಮುಚ್ಚುವ ಮಾತು. “ನಿಯಮದಲ್ಲಿ ಇಲ್ಲ” ಎಂಬುದು ಬಾಗಿಲು ಮುಚ್ಚಿ ಅಗುಳಿ ಹಾಕುವ ಮಾತು. “ಬಿಲ್ ಇಲ್ಲದೆ ಹಣ ಹಿಂದಿರುಗಿಸುವ ಅಧಿಕಾರ ನನಗಿಲ್ಲ, ಕೊಂಡ ದಿನ ಹೇಳಿ, ನಮ್ಮ ಲೆಕ್ಕದಲ್ಲಿ ಹುಡುಕುತ್ತೇನೆ” ಎಂಬುದರಲ್ಲೂ ಇಲ್ಲ ಎಂಬುದು ಇದೆ, ಆದರೆ ಅದರ ಹಿಂದೆಯೇ ಕೆಲಸವೊಂದು ನಡೆಯುತ್ತದೆ. ಹುಡುಕಿದೆವು, ಬಿಲ್ ಸಿಕ್ಕಿತು, ಪೆಟ್ಟಿಗೆ ಬದಲಾಯಿತು. ಸಿಗದೆ ಹೋಗುವ ದಿನಗಳೂ ಇವೆ. ಆಗ ಬೈಗುಳ ತಪ್ಪುವುದಿಲ್ಲ. ಅದು ನಿಂದನೆಗೆ, ಬೆದರಿಕೆಗೆ ತಿರುಗಿದರೆ ನಗುತ್ತಾ ನಿಲ್ಲಬೇಕಾದ ಕಟ್ಟುಪಾಡು ಯಾವ ನೌಕರರಿಗೂ ಇಲ್ಲ. ಮುಖದ ಮೇಲೆ ಬೇಕಾದ ಭಾವವನ್ನು ತಂದುಕೊಂಡು ಸಂಬಳಕ್ಕೆ ದುಡಿಯುವುದನ್ನು ಸಮಾಜಶಾಸ್ತ್ರಜ್ಞೆ ಆರ್ಲಿ ಹಾಕ್‌ಶೀಲ್ಡ್ 1983ರಲ್ಲಿ ಒಂದು ಬಗೆಯ ಶ್ರಮವೆಂದೇ ಗುರುತಿಸಿದರು. ಅವರು ಗಮನಿಸಿದವರು ಗಗನಸಖಿಯರು ಮತ್ತು ಸಾಲ ವಸೂಲಿಗಾರರು. ಅಂಗಡಿಯ ನೌಕರರು ಒಂದೇ ಪಾಳಿಯಲ್ಲಿ ಇಬ್ಬರೂ ಆಗುತ್ತಾರೆ.

ನನ್ನ ನಿಜವಾದ ತಕರಾರು ಗಿರಾಕಿಗಳ ಮೇಲಲ್ಲ, ನನ್ನಂತೆ ಅಂಗಡಿ ನಡೆಸುವವರ ಮೇಲೆ. ನೌಕರಳು ನಿಯಮ ಪಾಲಿಸಿ ಇಲ್ಲ ಎಂದದ್ದನ್ನೇ ನಾವು ಒಳಗಿನಿಂದ ಬಂದು, ದೊಡ್ಡ ಮನಸ್ಸಿನವರಂತೆ ಕೊಟ್ಟುಬಿಡುತ್ತೇವೆ. ದೇವರು ಕೊಟ್ಟರೂ ಪೂಜಾರಿ ಕೊಡ ಎಂಬ ಮಾತು ಗಿರಾಕಿಯ ಮನಸ್ಸಿನಲ್ಲಿ ಅಲ್ಲೇ ಬೇರೂರುತ್ತದೆ. ಜೋರು ಮಾಡಿದರೆ ಸಿಗುತ್ತದೆ ಎಂಬ ಪಾಠವನ್ನು ಕಲಿಸಿದವರು ನಾವು. ಮುಂದಿನ ಬಾರಿ ಆ ಜೋರನ್ನು ಎದುರಿಸುವವಳು ಅವಳು.

ಮೊದಲಿಗೆ ಹೇಳಿದ ಹುಡುಗಿಯ ಅಂಗಡಿಯನ್ನು ಆಗ ನಡೆಸುತ್ತಿದ್ದವನು ನಾನೇ. ಹೊಸ ಬೆಲೆಗಳು ರಾತ್ರಿ ಕಂಪ್ಯೂಟರಿನಲ್ಲಿ ತಾವಾಗಿಯೇ ಬದಲಾಗುತ್ತಿದ್ದವು. ಹೊಸ ಚೀಟಿಗಳನ್ನು ಮಾತ್ರ ಹಿಂದಿನ ಸಂಜೆ ನಾನು ಮುದ್ರಿಸಿ ಕೊಡಬೇಕಿತ್ತು. ಆ ಸಂಜೆ ಬೇಗ ಮನೆಗೆ ಹೊರಟಿದ್ದೆ. ಮರುದಿನ ಆ ನಾಲ್ಕು ನಿಮಿಷಗಳಲ್ಲಿ ನಾನು ಒಳಕೋಣೆಯಲ್ಲೇ ಇದ್ದೆ. ಬಾಗಿಲು ತೆರೆದಿತ್ತು, ಪ್ರತಿ ಮಾತೂ ಕೇಳುತ್ತಿತ್ತು. ಎದ್ದು ಬರಲಿಲ್ಲ.

ಆ ವಾರ ನಾನು ಮಾಡಿದ್ದು ಇಷ್ಟು: ಒಂದು ಸಣ್ಣ ಮಿತಿಯವರೆಗೆ ಬಿಲ್ ತಿದ್ದುವ, ಮಾಲು ಬದಲಿಸಿಕೊಡುವ ಅಧಿಕಾರವನ್ನು ಕೌಂಟರಿನಲ್ಲಿ ನಿಲ್ಲುವ ಎಲ್ಲರಿಗೂ ಕೊಟ್ಟೆ. ಕಾರಣವನ್ನು ಒಂದು ಸಾಲಿನಲ್ಲಿ ಬರೆದಿಟ್ಟರೆ ಸಾಕು, ಯಾರನ್ನೂ ಕರೆಯಬೇಕಿಲ್ಲ. ಪರಿಚಯದವರಿಗೆಲ್ಲ ರಿಯಾಯಿತಿ ಹಂಚುತ್ತಾರೆ ಎಂದು ಮೇಲ್ವಿಚಾರಕರು ಎಚ್ಚರಿಸಿದರು. ಆ ಭಯ ನನಗೂ ಇತ್ತು. ಆದದ್ದು ತಿರುವುಮುರುವು: ತಮ್ಮ ಕೈಯ ಅಧಿಕಾರವನ್ನು ಅವರು ನಮಗಿಂತ ಬಿಗಿಯಾಗಿ ಬಳಸಿದರು. ಗಂಟೆಯ ಸದ್ದು ಅಪರೂಪವಾಯಿತು. ಬರೆದಿಟ್ಟ ಕಾರಣಗಳನ್ನು ಓದುತ್ತಾ ಹೋದಂತೆ ಇನ್ನೊಂದು ಸಂಗತಿ ಕಂಡಿತು. ಹೆಚ್ಚಿನವುಗಳ ಮೂಲ ಕೌಂಟರಿನಲ್ಲಿ ಇರಲಿಲ್ಲ, ಗೋದಾಮಿನಲ್ಲೋ ನನ್ನ ಕೋಣೆಯಲ್ಲೋ ಇತ್ತು.

ಎರಡು ವಾರ ಕಳೆದಿರಬೇಕು. ಮತ್ತೆ ಒಂದು ಚೀಟಿ ತಪ್ಪಿತ್ತು, ಮತ್ತೆ ಅದೇ ಹುಡುಗಿ ಕೌಂಟರಿನಲ್ಲಿ. ಅವಳು ಗಿರಾಕಿಗೆ “ನಮ್ಮ ಚೀಟಿ ಹಳೆಯದು, ಅದರಲ್ಲಿದ್ದ ಬೆಲೆಗೇ ಕೊಡುತ್ತೇನೆ” ಎಂದು ಬಿಲ್ ತಿದ್ದಿ ಕಳಿಸಿದಳು. ಸಾಲು ಕರಗಿದ ಮೇಲೆ ಕಪಾಟಿನ ಬಳಿ ಹೋಗಿ ಆ ಚೀಟಿಯನ್ನು ಕಿತ್ತಳು. ನೇರವಾಗಿ ನನ್ನ ಕೋಣೆಗೆ ಬಂದು ಅದನ್ನು ಮೇಜಿನ ಮೇಲಿಟ್ಟು, “ಇದು ನಿಮ್ಮದು ಸರ್” ಎಂದು ಹೇಳಿ ಕೌಂಟರಿಗೆ ಹಿಂದಿರುಗಿದಳು.