ಡಬ್ಬಿಯನ್ನು 25 ಸಲ ಕುಕ್ಕಿ ನೋಡಿ

2009ರ ಜುಲೈ, ಮಳೆಗಾಲದ ನಡುಮಧ್ಯ. ಪಣಂಬೂರಿನ ನವಮಂಗಳೂರು ಬಂದರಿನಲ್ಲಿ ಕಬ್ಬಿಣದ ಅದಿರಿನ ಪುಡಿ ತುಂಬಿಕೊಂಡು ಹೊರಟ ‘ಏಷ್ಯನ್ ಫಾರೆಸ್ಟ್’ ಹಡಗು ಹೆಚ್ಚು ದೂರ ಹೋಗುವ ಮೊದಲೇ ವಾಲಿ ಮುಳುಗಿತು. ಅದರಲ್ಲಿದ್ದ 18 ಮಂದಿಯೂ ಬದುಕಿದ್ದು ಪುಣ್ಯ. ಸೆಪ್ಟೆಂಬರಿನಲ್ಲಿ ಒಡಿಶಾದ ಪಾರಾದೀಪ್ ಬಳಿ ‘ಬ್ಲ್ಯಾಕ್ ರೋಸ್’ಗೂ ಇದೇ ಗತಿ. ಅದರೊಳಗೂ ಅದಿರಿನ ಪುಡಿಯೇ.

ಬಂದರಿನ ಅಪಾಯ ಎಂದರೆ ನಮಗೆ ನೆನಪಾಗುವುದು ಕ್ರೇನು, ತುಂಡಾಗುವ ಹಗ್ಗ, ಹಿಂದಕ್ಕೆ ಬರುವ ಲಾರಿ. ಒಣಗಿದಂತೆ ಕಾಣುವ ಕೆಂಪು ಪುಡಿಯ ರಾಶಿಗೆ ಯಾರು ಹೆದರುತ್ತಾರೆ?

ಸೇರಿಗೆ ಅಕ್ಕಿ ತುಂಬಿ ಕುಲುಕಿದರೆ ಮಟ್ಟ ಇಳಿಯುತ್ತದಲ್ಲ, ಹಡಗಿನೊಳಗೂ ಅದೇ ನಡೆಯುತ್ತದೆ. ಎಂಜಿನ್ನಿನ ನಡುಕಕ್ಕೆ, ಅಲೆಯ ಹೊಯ್ದಾಟಕ್ಕೆ ಕಣಗಳು ಒತ್ತೊತ್ತಾಗಿ ಕೂರುತ್ತವೆ. ನಡುವಿನ ಗಾಳಿ ಹೊರಟುಹೋಗುತ್ತದೆ. ನೀರು ಮಾತ್ರ ಅಷ್ಟು ನುಣ್ಣನೆಯ ಪುಡಿಯಿಂದ ಬೇಗ ಜಾರಿಹೋಗಲಾರದು. ಭಾರ ನೀರಿನ ಮೇಲೆ ಬಿದ್ದು ಒತ್ತಡ ಏರುತ್ತದೆ. ಕಣಕ್ಕೆ ಕಣ ಆತುಕೊಂಡಿದ್ದ ಹಿಡಿತ ಬಿಟ್ಟು ರಾಶಿ ಕೆಸರಾಗಿ ಹರಿಯುತ್ತದೆ. ಹಡಗು ಎಡಕ್ಕೆ ವಾಲಿದಾಗ ಹರಿದದ್ದು ಬಲಕ್ಕೆ ಪೂರ್ತಿ ವಾಪಸಾಗುವುದಿಲ್ಲ. ಮುಂದಿನ ಅಲೆಗೆ ಇನ್ನಷ್ಟು ವಾಲುತ್ತದೆ. ಕೆಲವೊಮ್ಮೆ ನಿಮಿಷಗಳಲ್ಲೇ ಎಲ್ಲ ಮುಗಿದಿರುತ್ತದೆ. ಪಣಂಬೂರು ಬೀಚಿನಲ್ಲಿ ಒದ್ದೆ ಮರಳನ್ನು ಪಾದದಿಂದ ತಟ್ಟಿ ತಟ್ಟಿ ಹಲ್ವ ಮಾಡುವ ಮಕ್ಕಳಿಗೆ ಇದು ಚೆನ್ನಾಗಿ ಗೊತ್ತು.

ಎಷ್ಟು ತೇವಕ್ಕೆ ಪುಡಿ ಹರಿಯತೊಡಗುತ್ತದೆ ಎಂದು ಪ್ರಯೋಗಾಲಯದಲ್ಲಿ ಕಂಡುಕೊಂಡು, ಅದರ ಶೇ. 90ಕ್ಕೆ ಗೆರೆ ಎಳೆಯುತ್ತಾರೆ. ಗೆರೆ ದಾಟಿದ ಸರಕನ್ನು ಮಾಮೂಲಿ ಹಡಗಿಗೆ ತುಂಬುವಂತಿಲ್ಲ. ತೇವ ಅಳೆದ 7 ದಿನದೊಳಗೆ ಲೋಡಿಂಗ್ ಆಗಬೇಕು. ನಡುವೆ ಜೋರು ಮಳೆ ಸುರಿದರೆ ಮತ್ತೆ ಅಳೆಯಬೇಕು. ಅಂತರರಾಷ್ಟ್ರೀಯ ಸಾಗರ ಸಂಸ್ಥೆಯ ಈ ನಿಯಮಾವಳಿ ಕಡ್ಡಾಯವಾದದ್ದು 2011ರಲ್ಲಿ. ಕರಾವಳಿಯ ಆಟಿ ತಿಂಗಳ (ಆಷಾಢದ) ಮಳೆ ಕಂಡವರಿಗೆ 7 ದಿನವೂ ಉದಾರವೆನಿಸೀತು.

ತೇವ ಅಳೆದು ಕೊಟ್ಟ ಕಾಗದದ ಮೇಲೆ ಕ್ಯಾಪ್ಟನ್ನಿಗೆ ಅನುಮಾನ ಬಂದರೆ ಒಂದು ಡಬ್ಬಿ ಸಾಕು. ಅರ್ಧದಷ್ಟು ಪುಡಿ ತುಂಬಿ, ಸುಮಾರು 20 ಸೆಂಟಿಮೀಟರ್ ಎತ್ತರದಿಂದ ಗಟ್ಟಿ ನೆಲಕ್ಕೆ 25 ಸಲ ಕುಕ್ಕಬೇಕು. ಮೇಲೆ ನೀರು ಒಸರಿದರೆ ಲೋಡಿಂಗ್ ನಿಲ್ಲಿಸಿ ಪ್ರಯೋಗಾಲಯಕ್ಕೆ ಕಳಿಸಬೇಕು. ಒಸರದಿದ್ದರೆ? ಸರಕು ಸುರಕ್ಷಿತ ಎಂದು ಅರ್ಥವಲ್ಲ. ಬಹಳ ಮಂದಿ ಎಡವುವುದು ಇಲ್ಲೇ ಎಂದು ನನಗನ್ನಿಸುತ್ತದೆ. ಬಿಸಿಲಿಗೆ ರಾಶಿಯ ನೆತ್ತಿ ಒಣಗಿರುತ್ತದೆ, ನೀರು ಬುಡಕ್ಕಿಳಿದು ಕೂತಿರುತ್ತದೆ. ಡಬ್ಬಿಗೆ ಹಾಕಿದ ಹಿಡಿ ಪುಡಿ ನೆತ್ತಿಯದೋ, ಬುಡ ಅಗೆದು ತೆಗೆದದ್ದೋ?