ಮುಖ ಗೊತ್ತಿಲ್ಲದ ಸಾಕ್ಷಿ

"ಡಾಕ್ಟ್ರೇ, ಆ ಸಿನಿಮಾದ ಕೊನೆಯಲ್ಲಿ ಆಗುವುದು ನಿಜಕ್ಕೂ ಆಗುತ್ತಾ?" 2011ರ 'ಫೇಸಸ್ ಇನ್ ದ ಕ್ರೌಡ್' ನೋಡಿದವರು ಕೇಳುವ ಪ್ರಶ್ನೆ ಇದು. ಮಿಲಾ ಯೊವೊವಿಚ್ ಅದರಲ್ಲಿ ಆನಾ ಎಂಬ ಟೀಚರ್. ಕೊಲೆಯನ್ನು ಕಣ್ಣಾರೆ ನೋಡುತ್ತಾಳೆ, ತಪ್ಪಿಸಿಕೊಳ್ಳುವಾಗ ಸೇತುವೆಯಿಂದ ಬೀಳುತ್ತಾಳೆ, ತಲೆಗೆ ಪೆಟ್ಟು. ಎಚ್ಚರವಾದರೆ ತನ್ನವರ ಮುಖವೇ ಗೊತ್ತಾಗುವುದಿಲ್ಲ! ಕೊನೆಗೆ ಎದುರಿಗಿರುವವನು ಉಳಿಸಲು ಬಂದವನೋ ಕೊಲ್ಲಲು ಬಂದವನೋ ಎಂದು ಅವಳೇ ತೀರ್ಮಾನಿಸಬೇಕು. ಅವನು ಯಾರೆಂದು ಹೇಳುವುದಿಲ್ಲ, ನೋಡದವರು ನೋಡಲಿ.

ಕಾಯಿಲೆ ನಿಜ. ಪ್ರೊಸೊಪಗ್ನೋಸಿಯ, ಅಂದರೆ ಮುಖಗುರುಡು. 1947ರಲ್ಲಿ ಜರ್ಮನಿಯ ನರವೈದ್ಯ ಯೋಆಖಿಮ್ ಬೋಡಾಮರ್ ಇಟ್ಟ ಹೆಸರು. ಕೆಲವರಿಗೆ ಹುಟ್ಟಿನಿಂದಲೇ ಇರುತ್ತದೆ. ಲೇಖಕರೂ ನರವೈದ್ಯರೂ ಆಗಿದ್ದ ಆಲಿವರ್ ಸ್ಯಾಕ್ಸ್ ಅವರಿಗೇ ಇತ್ತು.

ಸಿನಿಮಾದಲ್ಲಿ ಒಬ್ಬನೇ ವ್ಯಕ್ತಿಯನ್ನು ಬೇರೆ ಬೇರೆ ನಟರು ಮಾಡುತ್ತಾರೆ. ಆನಾಳ ಗಾಬರಿ ನಮಗೆ ತಟ್ಟಲು ಅದು ಒಳ್ಳೆಯ ಉಪಾಯ, ಒಪ್ಪುತ್ತೇನೆ. ಆದರೆ ರೋಗಿಗೆ ಕಾಣುವುದು ಹಾಗಲ್ಲ. ಕಣ್ಣು, ಮೂಗು, ಮೀಸೆ ಎಲ್ಲ ಸ್ಪಷ್ಟವಾಗಿಯೇ ಕಾಣುತ್ತವೆ, ಅವೆಲ್ಲ ಒಟ್ಟಾಗಿ "ಇವನು ನನ್ನ ತಮ್ಮ" ಎಂದು ಹೇಳುವುದಿಲ್ಲ, ಅಷ್ಟೇ. ಮಿದುಳಿನ ತಳದಲ್ಲಿ, ಹಿಂಭಾಗದ ಕಡೆ, ಮುಖಗಳನ್ನು ಗುರುತಿಸುವ ಒಂದು ಜಾಗವಿದೆ. ಹೆಚ್ಚಾಗಿ ಬಲಭಾಗದಲ್ಲಿ ಅದು ಕೆಟ್ಟರೆ ಹೀಗಾಗುತ್ತದೆ. ಪಾರ್ಶ್ವವಾಯು ಆದಮೇಲೆ ನನ್ನ ಬಳಿ ಬಂದಿದ್ದ ನಿವೃತ್ತ ಮೇಷ್ಟ್ರೊಬ್ಬರು ಹೆಂಡತಿ ಒಳಗೆ ಬಂದಾಗ ಸುಮ್ನೆ ನೋಡುತ್ತಾ ಕೂತಿದ್ದರು. ಅವರು "ರೀ, ಮಾತ್ರೆ ತಗೊಂಡ್ರಾ?" ಅಂದ ಕೂಡಲೇ ಮೇಷ್ಟ್ರ ಮುಖ ಅರಳಿತು. ದನಿ ಉಳಿದಿತ್ತು ಅಲ್ವಾ! ಆಮೇಲೆ ಅವರ ಮನೆಯವರಿಗೆ ಹೇಳಿದ್ದು ಒಂದೇ, ಹತ್ತಿರ ಹೋಗುವ ಮುಂಚೆ ಮಾತಾಡಿ.

ಈಗ ಕೊನೆಯ ದೃಶ್ಯಕ್ಕೆ ಬರೋಣ. ಮುಖ ಗುರುತಾಗದಿದ್ದರೂ ಎದುರಿಗಿರುವವನು ಯಾರೆಂದು ಒಳಗೆಲ್ಲೋ ಗೊತ್ತಾಗುತ್ತಾ? 1984ರಲ್ಲಿ ಅಮೆರಿಕದ ಮನೋವಿಜ್ಞಾನಿ ರಸೆಲ್ ಬೌವರ್ ಇಂಥ ಒಬ್ಬ ರೋಗಿಗೆ ಪರಿಚಿತರ ಫೋಟೊ ತೋರಿಸಿ, ಒಂದೊಂದಕ್ಕೂ ಕೆಲವು ಹೆಸರು ಓದಿ ಹೇಳಿದರು. ಸರಿಯಾದ ಹೆಸರು ಯಾವುದೆಂದು ರೋಗಿಗೆ ಹೇಳಲಾಗಲಿಲ್ಲ. ಆದರೆ ಸರಿಯಾದ ಹೆಸರು ಬಂದಾಗ ಚರ್ಮದ ಮೇಲಿನ ಬೆವರಿನ ಅಳತೆ ಅನೇಕ ಸಲ ಏರಿತು! ಬಾಯಿಗೆ ಗೊತ್ತಿಲ್ಲದ್ದು ಮೈಗೆ ಗೊತ್ತಿತ್ತು. ಎಲ್ಲ ರೋಗಿಗಳಲ್ಲೂ ಹೀಗಾಗುವುದಿಲ್ಲ, ಆದರೆ ಆನಾಳಂಥವಳಿಗೆ ಕೊಲೆಗಾರ ಹತ್ತಿರ ಬಂದಾಗ ಕಾರಣ ತಿಳಿಯದೇ ಎದೆ ಹೊಡೆದುಕೊಂಡರೆ ನಾನು ಅದನ್ನು ಕಟ್ಟುಕತೆ ಅನ್ನುವುದಿಲ್ಲ.

ಆದರೂ ಎದೆಬಡಿತ ನಂಬಿ ಯಾರನ್ನೂ ಜೈಲಿಗೆ ಕಳಿಸಲಾಗದು, ಹೆದರಿದವರಿಗೆ ಯಾರನ್ನು ಕಂಡರೂ ಎದೆ ಹೊಡೆದುಕೊಳ್ಳಬಹುದು. ನನಗೆ ಜಾಸ್ತಿ ಬೇಜಾರಾಗುವುದು ಬೇರೆ ವಿಷಯಕ್ಕೆ. ಮುಖ ಹೇಳಲಾಗದವಳನ್ನು ಏನೂ ನೋಡದವಳಂತೆ ಬದಿಗಿಡುತ್ತೇವೆ. ಅವಳ ಕಣ್ಣಿಗೇನೂ ಆಗಿಲ್ಲ, ನೆನಪೂ ಪೂರ್ತಿ ಹೋಗಿಲ್ಲ. ಅವನ ಎತ್ತರ, ಕುಂಟು ನಡಿಗೆ, ಚಾಕು ಹಿಡಿದ ಕೈ ಎಡವೋ ಬಲವೋ, ಬೈದಿದ್ದರೆ ಯಾವ ಊರಿನ ಮಾತು, ಇದೆಲ್ಲ ಅವಳಲ್ಲಿ ಇರಬಹುದು. ಇಂಥ ಸಾಕ್ಷಿ ನನ್ನ ಮುಂದೆ ಕೂತರೆ ನಾನು ಫೋಟೊಗಳನ್ನು ಪಕ್ಕಕ್ಕಿಟ್ಟು ಮೊದಲು ಕೇಳುವುದು, "ಅವನು ಏನಾದ್ರೂ ಮಾತಾಡಿದ್ನಾ ಅಮ್ಮಾ?"